ಉಣ್ಣೆಯ ದಾರಿ ಹಿಡಿದು: ಸಾಲ್ಟೇರ್ ಗಿರಣಿಯೊಳಗೆ

ಇಂಗ್ಲೆಂಡಿನ ಲೀಡ್ಸ್‌ನಿಂದ ಹೊರಟ ರೈಲು ಶಿಪ್ಲಿ ದಾಟಿದ್ದೇ ತಡ, ಬಲಗಡೆಯ ಕಿಟಕಿಯ ಆಚೆ ಜೇನುಬಣ್ಣದ ಕಲ್ಲುಗೋಡೆಯೊಂದು ಶುರುವಾಗುತ್ತದೆ. ಆರು ಅಂತಸ್ತು, ಸಾಲು ಸಾಲು ಕಿಟಕಿ, ನಡುನಡುವೆ ಇಟಲಿಯ ಅರಮನೆಗಳನ್ನು ನೆನಪಿಸುವ ಗೋಪುರ. ರೈಲು ವೇಗ ತಗ್ಗಿಸುತ್ತದೆ, ಗೋಡೆ ಮಾತ್ರ ಮುಗಿಯುವುದಿಲ್ಲ. ಅದರ ಉದ್ದ 545 ಅಡಿ, ಹೆಚ್ಚುಕಡಿಮೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಷ್ಟು. ದೇವರಿಗೆ ಕಟ್ಟಿದ ಅಳತೆಯಲ್ಲೇ ಇಲ್ಲೊಬ್ಬ ಉಣ್ಣೆಗೆ ಕಟ್ಟಿದ್ದಾನೆ. ಮುಂಭಾಗವನ್ನು ಅವನು ರೈಲುಹಳಿಗೆ ಎದುರಾಗಿಯೇ ಇಟ್ಟ. ಗಿರಣಿಗಿಂತ ಮೊದಲೇ, 1840ರ ದಶಕದಲ್ಲಿ, ಇಲ್ಲಿ ರೈಲು ಓಡಾಡುತ್ತಿತ್ತು. ಯಾರ ಕಣ್ಣಿಗೆ ಬೀಳಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಹೆಸರು ಟೈಟಸ್ ಸಾಲ್ಟ್. ಪಕ್ಕದಲ್ಲಿ ಹರಿಯುವ ನದಿ ಏರ್. ಎರಡೂ ಹೆಸರು ಸೇರಿ ಊರು ಸಾಲ್ಟೇರ್ ಆಯಿತು. ಗಿರಣಿ ಶುರುವಾದದ್ದು 1853ರ ಸೆಪ್ಟೆಂಬರ್ 20ರಂದು, ಸಾಲ್ಟ್‌ಗೆ ಐವತ್ತು ತುಂಬಿದ ದಿನ. ಯಂತ್ರಗಳು ಇನ್ನೂ ಕೂರದ ಉಣ್ಣೆ ಬಾಚುವ ಶೆಡ್ಡಿನಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಜನರಿಗೆ ಊಟ ಹಾಕಿಸಿದ. ಅವರಲ್ಲಿ ಹೆಚ್ಚಿನವರು ಅವನ ಕೆಲಸಗಾರರೇ.

ಈ ಗಿರಣಿಯನ್ನು ನೋಡಲು ಬರುವವರು ಸಾಮಾನ್ಯವಾಗಿ ಮುಖ್ಯ ಬಾಗಿಲಿನಿಂದ ಒಳಹೊಕ್ಕು, ಈಗ ಅಲ್ಲಿರುವ ಚಿತ್ರಗಳನ್ನು ನೋಡಿ, ಕಾಫಿ ಕುಡಿದು ಹೊರಡುತ್ತಾರೆ. ನನಗೆ ತೋಚಿದ ದಾರಿ ಬೇರೆ. ಇದು ಉಣ್ಣೆಗಾಗಿ ಕಟ್ಟಿದ ಮನೆ. ಆದ್ದರಿಂದ ಉಣ್ಣೆ ಬಂದ ದಾರಿಯಲ್ಲೇ ಒಳಗೆ ಹೋಗಬೇಕು. ಆಗ ಇಲ್ಲಿನ ಒಂದೊಂದು ಗೋಡೆಯೂ ಯಾಕೆ ಅಲ್ಲಿ ನಿಂತಿದೆ ಎಂಬುದು ತಾನಾಗಿ ತಿಳಿಯುತ್ತದೆ. ಹಾಗಾಗಿ ನಿಲ್ದಾಣದಿಂದ ಇಳಿದು ವಿಕ್ಟೋರಿಯಾ ರಸ್ತೆಯಲ್ಲಿ ಕೆಳಕ್ಕೆ ನಡೆದು, ಗಿರಣಿಯ ಬಾಗಿಲನ್ನು ದಾಟಿ, ಮೊದಲು ಹಿಂಬದಿಯ ಕಾಲುವೆಯ ದಂಡೆಗೆ ಬಂದು ನಿಂತೆ.

ಲೀಡ್ಸ್ ಮತ್ತು ಲಿವರ್‌ಪೂಲ್ ನಗರಗಳನ್ನು ಜೋಡಿಸುವ ಕಾಲುವೆ ಇದು. ಗಿರಣಿಯ ಗೋಡೆ ನೇರವಾಗಿ ನೀರಿನ ಅಂಚಿಗೇ ಇಳಿದಿದೆ. ದೋಣಿಯಲ್ಲಿ ಬಂದ ಮೂಟೆಯನ್ನು ಸೀದಾ ಉಗ್ರಾಣಕ್ಕೆ ಎತ್ತಿಕೊಳ್ಳಬಹುದು. ಮುಂಬದಿಯಲ್ಲಿ ರೈಲು, ಹಿಂಬದಿಯಲ್ಲಿ ಕಾಲುವೆ, ಅದರಾಚೆ ನದಿ: ಸಾಲ್ಟ್ ಈ ಜಾಗ ಹಿಡಿದದ್ದೇ ಇವು ಮೂರಕ್ಕಾಗಿ. ಅದಕ್ಕೆ ಮುಂಚೆ ನಾಲ್ಕಾರು ಕಿಲೋಮೀಟರ್ ದೂರದ ಬ್ರಾಡ್‌ಫರ್ಡ್‌ನಲ್ಲಿ ಅವನಿಗೆ ಐದು ಗಿರಣಿಗಳಿದ್ದವು. ಒಂದರಲ್ಲಿ ನೂತದ್ದನ್ನು ಇನ್ನೊಂದಕ್ಕೆ ಗಾಡಿಯಲ್ಲಿ ಸಾಗಿಸಬೇಕಿತ್ತು. ಐದನ್ನೂ ಒಂದೇ ಸೂರಿನಡಿ ತರುವುದು ಮೊದಲನೆಯದಾಗಿ ವ್ಯಾಪಾರದ ಲೆಕ್ಕ.

ಲೆಕ್ಕ ಅಷ್ಟೇ ಆಗಿರಲಿಲ್ಲ ಎಂಬುದೂ ನಿಜ. 1801ರಲ್ಲಿ ಬ್ರಾಡ್‌ಫರ್ಡ್‌ನ ಜನಸಂಖ್ಯೆ ಸುಮಾರು 13 ಸಾವಿರ. 1851ರ ಹೊತ್ತಿಗೆ ಅದು ಒಂದು ಲಕ್ಷ ಮೀರಿತ್ತು. ಇನ್ನೂರು ಚಿಮಣಿಗಳ ಹೊಗೆ, ಚರಂಡಿಯಿಲ್ಲದ ಕೇರಿಗಳು, ಹೇಸಿಗೆ ಹರಿಯುವ ಹಳ್ಳವೇ ಕುಡಿಯುವ ನೀರಿನ ಪಕ್ಕ. 1849ರ ಕಾಲರಾ ನೂರಾರು ಜನರನ್ನು ಕೊಂಡೊಯ್ಯಿತು. ಆಗಷ್ಟೇ ನಗರದ ಮೇಯರ್ ಆಗಿದ್ದ ಸಾಲ್ಟ್ ಇದನ್ನೆಲ್ಲ ಹತ್ತಿರದಿಂದ ಕಂಡವನು. ತನ್ನ ಚಿಮಣಿಗಳಿಗೆ ಹೊಗೆ ತಗ್ಗಿಸುವ ಸಾಧನ ಜೋಡಿಸಿ, ಉಳಿದ ಮಾಲೀಕರೂ ಹಾಗೆ ಮಾಡಲೆಂದು ಒತ್ತಾಯಿಸಿದ್ದ. ಯಾರೂ ಕಿವಿಗೊಡಲಿಲ್ಲ. ಆ ನಗರವನ್ನು ಬಿಟ್ಟು ಹೊರಗೆ ಬರಲು ಇದೂ ಒಂದು ಕಾರಣವಾಗಿದ್ದಿರಬೇಕು.

ಕಾಲುವೆಯಿಂದ ಎತ್ತಿದ ಮೂಟೆಯಲ್ಲಿ ಇರುತ್ತಿದ್ದುದು ಹೆಚ್ಚಾಗಿ ಕುರಿಯ ಉಣ್ಣೆಯಲ್ಲ, ದಕ್ಷಿಣ ಅಮೆರಿಕದ ಪೆರು ದೇಶದ ಅಲ್ಪಾಕ ಎಂಬ ಪ್ರಾಣಿಯ ತುಪ್ಪಟ. 1836ರಲ್ಲಿ ಲಿವರ್‌ಪೂಲ್‌ನ ಗೋದಾಮೊಂದರಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಮುನ್ನೂರು ಚಿಲ್ಲರೆ ಮೂಟೆಗಳನ್ನು ಸಾಲ್ಟ್ ಕಂಡ. ಒಂದು ಹಿಡಿ ತಂದು, ತೊಳೆದು, ಬಾಚಿ, ಎಳೆಯ ಉದ್ದ ಅಳೆದು ನೋಡಿ, ಅಷ್ಟನ್ನೂ ಕೊಂಡುಕೊಂಡ. ಈ ಪ್ರಸಂಗವನ್ನು ಚಾರ್ಲ್ಸ್ ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಕತೆಯಂತೆ ಪ್ರಕಟಿಸಿದ್ದುಂಟು. ಹತ್ತಿಯ ಹಾಸಿಗೆ ಅಲ್ಪಾಕದ ಹೊಕ್ಕು ಕೊಟ್ಟು ನೇಯ್ದರೆ ರೇಷ್ಮೆಯ ಹೊಳಪಿನ, ಹಗುರವಾದ, ಬೇಗ ಹರಿಯದ ಬಟ್ಟೆ ಬರುತ್ತಿತ್ತು. ವಿಕ್ಟೋರಿಯಾ ರಾಣಿ ವಿಂಡ್ಸರ್‌ನಲ್ಲಿ ಸಾಕಿದ್ದ ಎರಡು ಅಲ್ಪಾಕಗಳ ಉಣ್ಣೆಯನ್ನು ನೇಯಲು ಇವನಿಗೇ ಕಳಿಸಿದ್ದಳು. ನಮ್ಮ ಕಡೆಯ ಹಳೆಯ ಫೋಟೋಗಳಲ್ಲಿ ಪೇಟ ಕಟ್ಟಿ ನಿಂತ ವಕೀಲರು, ಗುಮಾಸ್ತರು, ಹೆಡ್‌ಮಾಸ್ತರರು ತೊಟ್ಟ ಕಪ್ಪು ಕೋಟು ಎಷ್ಟೋ ಸಲ ಅಲ್ಪಾಕದ್ದೇ. ಬಿಸಿಲ ನಾಡಿಗೂ ಒಗ್ಗುವಷ್ಟು ತೆಳುವಾದ ಆ ಬಟ್ಟೆಯ ದೊಡ್ಡ ನೆಲೆ ಬ್ರಾಡ್‌ಫರ್ಡ್ ಸೀಮೆ.

ಮೂಟೆ ಬಿಚ್ಚಿ ಉಣ್ಣೆಯನ್ನು ಕೈಯಿಂದ ವಿಂಗಡಿಸುವುದು ಮೊದಲ ಕೆಲಸ. ನಯವಾದದ್ದು ಬೇರೆ, ಒರಟಾದದ್ದು ಬೇರೆ, ಬಣ್ಣ ಬೇರೆ ಬೇರೆ. ನುರಿತ ಕೈ, ಒಳ್ಳೆಯ ಕೂಲಿ. ಆದರೆ ಈ ಕಸಬಿನವರು ಇದ್ದಕ್ಕಿದ್ದಂತೆ ಜ್ವರ ಬಂದು, ಉಸಿರು ಕಟ್ಟಿ, ಎರಡು ಮೂರು ದಿನಗಳಲ್ಲಿ ಸಾಯುತ್ತಿದ್ದರು. ಅಲ್ಪಾಕ ಮತ್ತು ಮೊಹೇರ್ ಎಂಬ ಮೇಕೆಯ ಉಣ್ಣೆ ಬಂದ ಮೇಲೆ ಈ ಸಾವುಗಳು ಹೆಚ್ಚಿದವು. ಅದಕ್ಕೆ ‘ಉಣ್ಣೆ ವಿಂಗಡಿಸುವವರ ರೋಗ’ ಎಂದೇ ಹೆಸರಾಯಿತು. ಬ್ರಾಡ್‌ಫರ್ಡ್‌ನ ವೈದ್ಯ ಜಾನ್ ಹೆನ್ರಿ ಬೆಲ್ 1880ರ ಸುಮಾರಿಗೆ ಅದು ಆಂಥ್ರಾಕ್ಸ್ ಎಂದು ತೋರಿಸಿಕೊಟ್ಟ. ದನಕುರಿಗಳಿಗೆ ಬರುವ, ನಮ್ಮ ರೈತರಿಗೂ ಗೊತ್ತಿರುವ ನೆರಡಿ ರೋಗ ಅದೇ. ಅದೇ ಊರಿನ ಇನ್ನೊಬ್ಬ ವೈದ್ಯ ಫ್ರೆಡ್ರಿಕ್ ಯೂರಿಕ್ 20ನೇ ಶತಮಾನದ ಆರಂಭದಲ್ಲಿ ವರ್ಷಗಟ್ಟಲೆ ಆ ರೋಗಾಣುವಿನ ನಡುವೆ ಕೆಲಸ ಮಾಡಿ, ಉಣ್ಣೆಯನ್ನು ಬಂದರಿನಲ್ಲೇ ಶುದ್ಧಿಮಾಡುವ ವಿಧಾನ ಕಂಡುಹಿಡಿದ. ಸಾಲ್ಟ್‌ನ ಪ್ರತಿಮೆಯಷ್ಟೇ ದೊಡ್ಡ ಪ್ರತಿಮೆ ಈ ಇಬ್ಬರಿಗೂ ಸಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿಂಗಡಿಸಿದ ಉಣ್ಣೆ ತೊಳೆಯಲು ಹೋಗುತ್ತದೆ. ಇಲ್ಲಿ ಒಂದು ಜಾಣತನವಿದೆ. ಎಕರೆಗಟ್ಟಲೆ ಹಬ್ಬಿದ ಚಾವಣಿಯ ಮೇಲೆ ಬಿದ್ದ ಮಳೆನೀರೆಲ್ಲ ನೆಲದಡಿಯ ತೊಟ್ಟಿಗೆ ಇಳಿಯುತ್ತಿತ್ತು. 5 ಲಕ್ಷ ಗ್ಯಾಲನ್ ಹಿಡಿಯುವ ತೊಟ್ಟಿ. ಗಡಸು ನೀರಿನಲ್ಲಿ ಸೋಪು ನೊರೆಯಾಗದು, ಉಣ್ಣೆಯ ಜಿಡ್ಡು ಬಿಡದು, ಮಳೆನೀರು ಮೆದು. ಈ ಯಾರ್ಕ್‌ಷೈರ್ ಸೀಮೆಯ ಆಕಾಶ ಅದನ್ನು ಪುಕ್ಕಟೆಯಾಗಿ ಕೊಡುತ್ತಿದ್ದಾಗ ಬಿಡುವುದೇಕೆ? ಇಂದು ಮಳೆನೀರು ಕೊಯ್ಲಿನ ಬಗ್ಗೆ ಭಾಷಣ ಕೇಳುವ ನಾವು ಈ ಚಾವಣಿಯನ್ನು ಒಮ್ಮೆ ನೋಡಬೇಕು.

ತೊಳೆದದ್ದು ಬಾಚುವ ಶೆಡ್ಡಿಗೆ. ಗಿಡ್ಡ ಎಳೆಗಳನ್ನು ಬೇರ್ಪಡಿಸಿ, ಉದ್ದ ಎಳೆಗಳನ್ನು ಒಂದರ ಪಕ್ಕ ಒಂದು ಒರಗಿಸುವುದು ಬಾಚಣಿಗೆಯ ಕೆಲಸ. ಬ್ರಾಡ್‌ಫರ್ಡ್‌ನ ಪ್ರಸಿದ್ಧ ‘ವರ್ಸ್ಟೆಡ್’ ಬಟ್ಟೆಯ ನುಣುಪು ಹುಟ್ಟುವುದು ಇಲ್ಲೇ. ಹಿಂದೆ ಕೆಂಡದ ಮೇಲೆ ಕಾಸಿದ ಬಾಚಣಿಗೆ ಹಿಡಿದು ಮನೆಮನೆಗಳಲ್ಲಿ ಮಾಡುತ್ತಿದ್ದ ಕೆಲಸ ಅದು. ಯಂತ್ರ ಬಂದು ಆ ಸಾವಿರಾರು ಮನೆಗಳ ಅನ್ನ ಹೋಯಿತು. ಸಾಲ್ಟ್‌ನ ಗಿರಣಿ ನಿಂತದ್ದು ಆ ಬದಲಾವಣೆ ಮುಗಿಯುತ್ತ ಬಂದ ಹೊತ್ತಿನಲ್ಲಿ.

ಈಗ ರೈಲಿನಿಂದ ಕಂಡ ಆ ಉದ್ದನೆಯ ಕಟ್ಟಡದೊಳಕ್ಕೆ. ಇದು ನೂಲುವ ಜಾಗ. ಕಲ್ಲಿನ ಮೆಟ್ಟಿಲು ಹತ್ತಿ ಒಂದು ಅಂತಸ್ತಿಗೆ ಕಾಲಿಟ್ಟೆ. ಉದ್ದ ಎಷ್ಟೆಂದು ಮೊದಲೇ ಹೇಳಿದೆ. ಅಗಲ ಬರೀ 50 ಅಡಿ. ಎರಡೂ ಬದಿಗೆ ಎತ್ತರದ ಕಿಟಕಿಗಳು. ನಡುವೆ ಎರಕದ ಕಬ್ಬಿಣದ ಕಂಬಗಳು ಸಾಲಾಗಿ ನಿಂತು ದೂರದಲ್ಲಿ ಒಂದಾಗಿಬಿಟ್ಟಿವೆ. ತಲೆಯೆತ್ತಿದರೆ ಚಪ್ಪಟೆ ಸೂರಿಲ್ಲ. ಕಬ್ಬಿಣದ ತೊಲೆಯಿಂದ ತೊಲೆಗೆ ಬಾಗಿದ ಇಟ್ಟಿಗೆಯ ಕಮಾನುಗಳು, ಅಲೆಯ ಮೇಲೆ ಅಲೆ.

ಇದಾವುದೂ ಅಲಂಕಾರಕ್ಕೆ ಆದದ್ದಲ್ಲ. ಹೊರಗಿನ ಇಟಾಲಿಯನ್ ಸೊಬಗು ವಾಸ್ತುಶಿಲ್ಪಿಗಳಾದ ಲಾಕ್‌ವುಡ್ ಮತ್ತು ಮಾಸನ್ ಅವರದು. ಒಳಗಿನ ಎಲುಬು, ನರ, ಉಸಿರು ಮಾತ್ರ ವಿಲಿಯಂ ಫೇರ್‌ಬೇರ್ನ್ ಎಂಬ ಎಂಜಿನಿಯರನ ಲೆಕ್ಕ. ಸ್ಕಾಟ್ಲೆಂಡಿನ ಬಡ ಮನೆಯಲ್ಲಿ ಹುಟ್ಟಿ, ಕಲ್ಲಿದ್ದಲ ಗಣಿಯೊಂದರ ಕಮ್ಮಟದಲ್ಲಿ ಕೆಲಸ ಕಲಿತು, ಮ್ಯಾಂಚೆಸ್ಟರಿನಲ್ಲಿ ಕಬ್ಬಿಣದ ಬಲವನ್ನು ಅಳೆಯುವುದನ್ನೇ ವಿದ್ಯೆ ಮಾಡಿಕೊಂಡವನು. ಅಗಲ 50 ಅಡಿಗೆ ನಿಂತದ್ದು ಸೂರ್ಯನಿಂದ: ಎರಡೂ ಬದಿಯ ಕಿಟಕಿಯ ಬೆಳಕು ನಡುವಿನಲ್ಲಿ ಕೂಡುವುದು ಅಷ್ಟರೊಳಗೇ. ಉದ್ದ ಬೆಳೆದದ್ದು ಉಗಿಯಂತ್ರದಿಂದ. ಕೆಳಗಿನ ಯಂತ್ರದ ಬಲವನ್ನು ಕಬ್ಬಿಣದ ದಂಡಗಳು ಮೇಲಕ್ಕೆ ಒಯ್ದು, ಅಂತಸ್ತಿನುದ್ದಕ್ಕೂ ತಿರುಗುತ್ತ, ಒಂದೊಂದು ನೂಲುವ ಯಂತ್ರಕ್ಕೂ ಪಟ್ಟಿಯ ಮೂಲಕ ಹಂಚುತ್ತಿದ್ದವು. ದಂಡ ನೇರವಾಗಿ ಓಡಬೇಕು, ಅದರ ಹಿಂದೆ ಕಟ್ಟಡವೂ ಓಡಿತು.

ಇಟ್ಟಿಗೆ ಕಮಾನಿನ ಕಾರಣ ಬೆಂಕಿ. ಹಳೆಯ ಗಿರಣಿಗಳ ನೆಲ ಮರದ್ದು. ವರ್ಷಗಟ್ಟಲೆ ಎಣ್ಣೆ ಕುಡಿದ ಹಲಗೆ, ಗಾಳಿಯಲ್ಲಿ ತೇಲುವ ಎಳೆಗಳ ಧೂಳು, ಉರಿವ ದೀಪ: ಒಂದು ಕಿಡಿ ಸಾಕಿತ್ತು. 1797ರಲ್ಲಿ ಶ್ರೂಸ್‌ಬರಿ ಬಳಿ ಚಾರ್ಲ್ಸ್ ಬೇಜ್ ಎಂಬಾತ ಕಂಬ, ತೊಲೆ ಎರಡೂ ಕಬ್ಬಿಣದ್ದೇ ಆದ ಮೊದಲ ಗಿರಣಿ ಕಟ್ಟಿದ. ಇಂದಿನ ಗಗನಚುಂಬಿಗಳ ಮುತ್ತಜ್ಜ ಎಂದು ಅದನ್ನು ಎಂಜಿನಿಯರುಗಳು ಗೌರವದಿಂದ ಕಾಣುತ್ತಾರೆ. ಅಲ್ಲಿಂದ ಅರ್ಧ ಶತಮಾನದಲ್ಲಿ ಆ ವಿದ್ಯೆ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಈ ಕಟ್ಟಡವೇ ಸಾಕ್ಷಿ. ಕಂಬವನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಇಷ್ಟು ಸಪೂರವಾದದ್ದು ಅಷ್ಟು ಭಾರ ಹೊತ್ತಿತ್ತೇ ಎನ್ನಿಸುತ್ತದೆ. ಎರಕದ ಕಬ್ಬಿಣ ಅದುಮಿದರೆ ಬಗ್ಗದು, ಎಳೆದರೆ ಮುರಿಯುತ್ತದೆ. ಆದ್ದರಿಂದ ಒತ್ತಡಕ್ಕೆ ಸಿಗುವ ಕಡೆ ಎರಕದ ಕಬ್ಬಿಣ, ಎಳೆತಕ್ಕೆ ಸಿಗುವ ಕಡೆ ಬಡಿದು ಮಾಡಿದ ಕಬ್ಬಿಣದ ಸರಳು. ಫೇರ್‌ಬೇರ್ನ್‌ನ ಪೀಳಿಗೆ ಇದನ್ನು ಕುಸಿದುಬಿದ್ದ ಗಿರಣಿಗಳಿಂದ, ಸತ್ತ ಕಾರ್ಮಿಕರಿಂದ ಕಲಿತಿತ್ತು.

ಇದೇ ಜಾಣ್ಮೆ ತನ್ನ ತುದಿ ಮುಟ್ಟಿದ್ದು ಮೇಲಿನ ಅಂತಸ್ತಿನಲ್ಲಿ. ಅಲ್ಲಿ ಮೇಲೆ ಹೊರಬೇಕಾದದ್ದು ಚಾವಣಿ ಮಾತ್ರ. ಆದ್ದರಿಂದ ಕಬ್ಬಿಣದ ಕೈಮರಗಳು ಗೋಡೆಯಿಂದ ಗೋಡೆಗೆ ಒಂದೇ ನೆಗೆತಕ್ಕೆ ದಾಟಿವೆ, ನಡುವೆ ಕಂಬವೇ ಇಲ್ಲ. ಕಟ್ಟಿದ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದನೆಯ ಕೋಣೆಗಳಲ್ಲಿ ಇದೂ ಒಂದೆಂದು ಹೆಸರಾಗಿತ್ತು. ಬಹಳ ಕಾಲ ಬಾಗಿಲು ಹಾಕಿಕೊಂಡಿದ್ದ ಈ ಜಾಗ ಈಗೀಗ ವಿಶೇಷ ಪ್ರದರ್ಶನಗಳಿಗೆ ತೆರೆಯುತ್ತದೆ. ಚಿತ್ರಕಾರ ಡೇವಿಡ್ ಹಾಕ್ನಿ ಫ್ರಾನ್ಸಿನ ನಾರ್ಮಂಡಿಯ ಒಂದು ವರ್ಷದ ಋತುಗಳನ್ನು ಚಿತ್ರಿಸಿದ 90 ಮೀಟರ್ ಉದ್ದದ ಕೃತಿಯನ್ನು ಇಲ್ಲಿ ಹಾಸಿದ್ದರು. ಅದಾದ ಮೇಲೂ ಜಾಗ ಉಳಿದಿತ್ತು. ಬ್ರಾಡ್‌ಫರ್ಡ್ ಬ್ರಿಟನ್ನಿನ ಸಂಸ್ಕೃತಿ ನಗರವಾಗಿದ್ದ 2025ರಲ್ಲಿ ಆನ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಕಲಾವಿದೆ ಇದೇ ಮೇಲಂತಸ್ತನ್ನು ಉಣ್ಣೆ, ಬಟ್ಟೆ, ಹಾಡುಗಳಿಂದ ತುಂಬಿದಳು.

ನೂಲು ಇನ್ನು ನೇಯ್ಗೆಗೆ ಇಳಿಯುತ್ತದೆ. ನೇಯ್ಗೆ ಯಾಕೆ ಕೆಳಗೆ? ಮಗ್ಗ ಬಡಿಯುತ್ತದೆ. ಲಾಳಿ ಎಡಬಲಕ್ಕೆ ಓಡುತ್ತ, ಸಾವಿರ ಮಗ್ಗ ಒಟ್ಟಿಗೆ ಬಡಿದರೆ ಮೇಲಂತಸ್ತು ನಡುಗಿಹೋದೀತು. ಅದಕ್ಕೇ ನೇಯ್ಗೆ ಶೆಡ್ಡು ನೆಲದ ಮೇಲೆ, ಒಂದೇ ಅಂತಸ್ತು. ಗರಗಸದ ಹಲ್ಲಿನಂಥ ಚಾವಣಿ. ಹಲ್ಲಿನ ಕಡಿದಾದ ಬದಿಯಲ್ಲಿ ಗಾಜು, ಉತ್ತರಕ್ಕೆ ಮುಖ. ಉತ್ತರದ ಬೆಳಕು ಕಣ್ಣು ಕುಕ್ಕದು, ನೆರಳು ಬೀಳಿಸದು, ಕಡಿದ ಎಳೆ ತಕ್ಷಣ ಕಾಣುತ್ತದೆ. 1200 ಮಗ್ಗಗಳು ಇಲ್ಲಿದ್ದವು. ದಿನಕ್ಕೆ 30 ಸಾವಿರ ಗಜ ಬಟ್ಟೆ, ಎಂದರೆ 27 ಕಿಲೋಮೀಟರ್. ಬಲ ಹಂಚುವ ದಂಡಗಳನ್ನು ಸಾಲ್ಟ್ ಇಲ್ಲಿ ನೆಲದಡಿ ಹುದುಗಿಸಿದ. ಬೇರೆ ಗಿರಣಿಗಳಲ್ಲಿ ಅವು ತಲೆಯ ಮೇಲೆ ತಿರುಗುತ್ತಿದ್ದವು. ಸೆರಗು, ಕೂದಲು ಸಿಕ್ಕಿಕೊಂಡು ಹೆಂಗಸರು ಮಕ್ಕಳು ಸಾಯುತ್ತಿದ್ದರು. ಇಲ್ಲಿ ಆ ಅಪಾಯ ತಗ್ಗಿತು, ಸದ್ದೂ ಧೂಳೂ ಒಂದಿಷ್ಟು ಇಳಿಯಿತು. ಆದರೂ ಇಲ್ಲಿ ದುಡಿದವರು ತುಟಿಯ ಚಲನೆ ನೋಡಿಯೇ ಮಾತು ಅರ್ಥಮಾಡಿಕೊಳ್ಳಬೇಕಾಗಿತ್ತು. ವಯಸ್ಸಾಗುತ್ತ ಅನೇಕರ ಕಿವಿ ಹೋಗುತ್ತಿತ್ತು.

ಮೂರು ಸಾವಿರ ಜನ ದುಡಿಯುತ್ತಿದ್ದ ಜಾಗ. ಅವರಲ್ಲಿ ಮಕ್ಕಳೂ ಇದ್ದರು. 1844ರ ಕಾನೂನಿನಂತೆ ಎಂಟು ವರ್ಷ ತುಂಬಿದ ಮಗು ಅರ್ಧ ದಿನ ಶಾಲೆ, ಅರ್ಧ ದಿನ ಗಿರಣಿ. ಸಾಲ್ಟ್ ಒಳ್ಳೆಯ ಮಾಲೀಕ ಎಂದು ಹೊಗಳುವ ಫಲಕಗಳ ಮುಂದೆ ನಿಂತಾಗ ಈ ಮಕ್ಕಳನ್ನು ನಾನು ಮರೆಯಲಾರೆ. ಅವನ ಶಾಲೆ ಆ ಕಾಲಕ್ಕೆ ಸುಂದರವಾದ ಶಾಲೆ ಎಂಬುದನ್ನೂ ಅಲ್ಲಗಳೆಯಲಾರೆ.

ಗಿರಣಿಯ ಬಾಗಿಲಿನಿಂದ ಹೊರಬಂದರೆ ಎದುರಿಗೇ 1859ರ ಚರ್ಚು. ಮಾಲೀಕ ಕಚೇರಿಯಿಂದ ಹೊರಟು ರಸ್ತೆ ದಾಟಿದರೆ ನೇರ ದೇವರ ಮುಂದೆ. ಸಾಲ್ಟ್‌ನ ಸಮಾಧಿ ಇರುವುದೂ ಅಲ್ಲೇ. ಹಳಿಯ ಮೇಲಿನ ಸೇತುವೆ ದಾಟಿ ಮೇಲಕ್ಕೆ ಏರಿದರೆ ಕೆಲಸಗಾರರ ಮನೆಗಳು, ಎಂಟುನೂರಕ್ಕೂ ಹೆಚ್ಚು. ನೀರು, ಗ್ಯಾಸ್ ದೀಪ, ಮನೆಗೊಂದು ಶೌಚಾಲಯ. ಬ್ರಾಡ್‌ಫರ್ಡ್‌ನ ಕೇರಿಗಳಿಂದ ಬಂದವರಿಗೆ ಇವು ಕನಸು. ಬೀದಿಗಳಿಗೆ ಸಾಲ್ಟ್‌ನ ಹೆಂಡತಿ ಕ್ಯಾರೊಲಿನ್, ಮಕ್ಕಳು ಜಾರ್ಜ್, ಅಮೀಲಿಯಾ, ಫ್ಯಾನಿ, ಹೆಲೆನ್ ಹೆಸರು. ಮೇಲ್ವಿಚಾರಕನಿಗೆ ದೊಡ್ಡ ಮನೆ, ಕೂಲಿಯವನಿಗೆ ಚಿಕ್ಕದು; ಬೀದಿಯಲ್ಲಿ ನಡೆದರೆ ಯಾರು ಯಾವ ದರ್ಜೆ ಎಂದು ಕಲ್ಲೇ ಹೇಳುತ್ತದೆ. ಆಸ್ಪತ್ರೆ, ವೃದ್ಧರಿಗೆ ಮನೆ, ಸ್ನಾನಗೃಹ, ಗ್ರಂಥಾಲಯವಿದ್ದ ಸಭಾಭವನ ಎಲ್ಲವೂ ಬಂದವು. ಹೆಂಡದಂಗಡಿ ಮಾತ್ರ ಬರಲಿಲ್ಲ. ಬೀದಿಯಲ್ಲಿ ಬಟ್ಟೆ ಒಣಹಾಕುವುದೂ ಅವನಿಗೆ ಹಿಡಿಸುತ್ತಿರಲಿಲ್ಲ, ಅದಕ್ಕೆಂದೇ ಒಗೆಯುವ ಮನೆ ಕಟ್ಟಿಸಿದ. ಕೆಲಸ ಹೋದರೆ ಮನೆಯೂ ಹೋಗುವ ಊರಿನಲ್ಲಿ ಜನ ಎಷ್ಟು ಸ್ವತಂತ್ರರು? ಅವನ ಕರುಣೆ ಸುಳ್ಳಲ್ಲ, ಹಿಡಿತವೂ ಸುಳ್ಳಲ್ಲ. ಎರಡೂ ಒಂದೇ ನಕ್ಷೆಯ ಮೇಲೆ ಎಳೆದ ಗೆರೆಗಳು. 1876ರ ಕೊನೆಯಲ್ಲಿ ಅವನು ಸತ್ತಾಗ ಶವಯಾತ್ರೆ ನೋಡಲು ಸುಮಾರು ಒಂದು ಲಕ್ಷ ಜನ ರಸ್ತೆಬದಿಗೆ ಬಂದಿದ್ದರಂತೆ.

ಆಮೇಲಿನ ಕತೆ ಬೇಗ ಹೇಳಬಹುದು. ಉಣ್ಣೆ ಬಟ್ಟೆಯ ಮೇಲೆ ಅಮೆರಿಕ ಹಾಕಿದ ಭಾರೀ ಸುಂಕ ಮತ್ತು ಬದಲಾದ ಫ್ಯಾಷನ್‌ನಿಂದ ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ಗಿರಣಿ ಸಾಲ್ಟ್ ಕುಟುಂಬದ ಕೈತಪ್ಪಿತು. ಎರಡನೇ ಮಹಾಯುದ್ಧದ ನಂತರ ಬ್ರಾಡ್‌ಫರ್ಡ್ ಸೀಮೆಯ ಗಿರಣಿಗಳಿಗೆ ಜನ ಸಾಲದೆ ಪೋಲೆಂಡ್, ಉಕ್ರೇನ್, ಇಟಲಿಯಿಂದ ಕಾರ್ಮಿಕರು ಬಂದರು. ಅವರ ಹಿಂದೆ ಪಾಕಿಸ್ತಾನದ ಮೀರ್‌ಪುರದಿಂದ, ಭಾರತದಿಂದ ಬಂದವರು. ಮೀರ್‌ಪುರದಲ್ಲಿ ಮಂಗ್ಲಾ ಅಣೆಕಟ್ಟು ಊರುಗಳನ್ನು ಮುಳುಗಿಸಿದ್ದರಿಂದ ಅಲ್ಲಿಂದ ಬಂದವರು ಹೆಚ್ಚು. ಸ್ಥಳೀಯರು ಒಲ್ಲದ ರಾತ್ರಿ ಪಾಳಿಗಳನ್ನು ಅವರು ಹೊತ್ತರು. ಇಂದಿನ ಬ್ರಾಡ್‌ಫರ್ಡ್‌ನ ಮುಖ ಬರೆದವರು ಅವರೇ. 1986ರ ಫೆಬ್ರವರಿಯಲ್ಲಿ ಸಾಲ್ಟೇರ್‌ನ ಮಗ್ಗಗಳು ನಿಂತವು.

ಮರುವರ್ಷ, ಕೆಡವಬೇಕೋ ಬೇಡವೋ ಎಂಬ ಚರ್ಚೆಯಲ್ಲಿದ್ದ ಗಿರಣಿಯನ್ನು ಬ್ರಾಡ್‌ಫರ್ಡ್‌ನವನೇ ಆದ ಜೊನಾಥನ್ ಸಿಲ್ವರ್ ಎಂಬ ಬಟ್ಟೆ ವ್ಯಾಪಾರಿ ಕೊಂಡ. ಶಾಲೆಯ ದಿನಗಳಿಂದ ಅವನಿಗೆ ಹಾಕ್ನಿಯ ಪರಿಚಯವಿತ್ತು. ಹಾಕ್ನಿಯೂ ಅದೇ ಊರಿನ ಮಗ, ಅದೇ ಶಾಲೆಯ ಹುಡುಗ. ಸಿಲ್ವರ್ ಮೊದಲು ಮಾಡಿದ್ದು ನೆಲಮಹಡಿಯಲ್ಲಿ ಹಾಕ್ನಿಯ ಚಿತ್ರಗಳ ಸಂಗ್ರಹಾಲಯ. ಅದಕ್ಕೆ ಇಟ್ಟ ಹೆಸರು ‘1853’. ಅದರ ಹಿಂದೆ ಪುಸ್ತಕದಂಗಡಿ, ಊಟದ ಮನೆ, ಶೆಡ್ಡುಗಳಲ್ಲಿ ಟಿವಿಯ ಸೆಟ್‌ಟಾಪ್ ಬಾಕ್ಸ್ ತಯಾರಿಸುವ ಎಲೆಕ್ಟ್ರಾನಿಕ್ಸ್ ಕಂಪನಿ ಬಂದವು. ನಾನು ಮೆಚ್ಚಿದ್ದು ಅವನು ಮಾಡದೆ ಬಿಟ್ಟದ್ದನ್ನು. ಅಂತಸ್ತುಗಳನ್ನು ಚಿಕ್ಕ ಚಿಕ್ಕ ಕೋಣೆಗಳಾಗಿ ಕತ್ತರಿಸಲಿಲ್ಲ. ಜಿಡ್ಡು ಕುಡಿದ ಕಲ್ಲುಹಾಸನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಲಿಲ್ಲ. ಕಂಬಕ್ಕೆ ಬಣ್ಣ ಬಳಿದ, ದೊಡ್ಡ ಹೂದಾನಿಗಳಲ್ಲಿ ಲಿಲ್ಲಿ ಹೂ ಇಟ್ಟ, ಸಂಗೀತ ಹಾಕಿದ, ಅಷ್ಟೇ. ಗಿರಣಿಯ ಉದ್ದ ಇಂದಿಗೂ ಕಣ್ಣಿಗೆ ಇಡಿಯಾಗಿ ಸಿಗುತ್ತದೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಹತ್ತಿಗಿರಣಿಗಳು, ಬೆಂಗಳೂರಿನ ಬಿನ್ನಿ ಮಿಲ್ಲು ಹೋದ ದಾರಿಯನ್ನು ಬಲ್ಲವರಿಗೆ ಇಲ್ಲಿ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾವೂ ಒಂದನ್ನಾದರೂ ಇಡಿಯಾಗಿ ಉಳಿಸಿಕೊಳ್ಳಬಹುದಿತ್ತು.

ಸಿಲ್ವರ್ 1997ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡ. ಅವನ ಕುಟುಂಬ ಕೆಲಸ ಮುಂದುವರಿಸಿತು. 2001ರಲ್ಲಿ ಯುನೆಸ್ಕೊ ಗಿರಣಿಯೂ ಸೇರಿ ಇಡೀ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2024ರಲ್ಲಿ ಶಾಂತಿಯ ಹೋರಾಟಗಳಿಗೇ ಮೀಸಲಾದ ಬ್ರಾಡ್‌ಫರ್ಡ್‌ನ ಪೀಸ್ ಮ್ಯೂಸಿಯಂ ಇಲ್ಲಿಗೆ ಬಂದು ನೆಲೆಸಿತು.

ಹೋಗುವವರಿಗೆ ಎರಡು ಮಾತು. ಲೀಡ್ಸ್ ಮತ್ತು ಬ್ರಾಡ್‌ಫರ್ಡ್ ಎರಡೂ ಕಡೆಯಿಂದ ಸಾಲ್ಟೇರ್‌ಗೆ ನೇರ ರೈಲುಂಟು. ಗಿರಣಿಗೆ ಪ್ರವೇಶ ಶುಲ್ಕವಿಲ್ಲ. ಮೇಲಂತಸ್ತು ಪ್ರದರ್ಶನವಿದ್ದಾಗ ಮಾತ್ರ ತೆರೆದಿರುತ್ತದೆ, ಮೊದಲೇ ವಿಚಾರಿಸಿಕೊಳ್ಳಿ. ಒಳಗೆ ನೋಡಿ ಮುಗಿಸಿದ ಮೇಲೆ ಕಾಲುವೆಯ ಆಚೆಗಿರುವ 1868ರ ಹೊಸ ಗಿರಣಿಯನ್ನು ತಪ್ಪಿಸಬೇಡಿ. ಅದರ ಚಿಮಣಿಯನ್ನು ವೆನಿಸ್‌ನ ಫ್ರಾರಿ ಚರ್ಚಿನ ಗಂಟೆಗೋಪುರದ ಮಾದರಿಯಲ್ಲಿ ಕಟ್ಟಿದ್ದಾರೆ. ಈಗ ಅಲ್ಲಿ ಮನೆಗಳೂ ಆರೋಗ್ಯ ಇಲಾಖೆಯ ಕಚೇರಿಗಳೂ ಇವೆ. ಅಲ್ಲಿಂದ ಕಾಲುಸೇತುವೆಯ ಮೇಲೆ ನದಿ ದಾಟಿ ರಾಬರ್ಟ್ಸ್ ಪಾರ್ಕಿನ ದಿಬ್ಬಕ್ಕೆ ಹೋದರೆ ಎರಡೂ ಗಿರಣಿ, ಎರಡೂ ಚಿಮಣಿ, ಚರ್ಚಿನ ಗುಮ್ಮಟ ಒಟ್ಟಿಗೆ ಕಾಣುತ್ತವೆ. ಫೋಟೋ ತೆಗೆಯಲು ಅದೇ ಸರಿಯಾದ ಜಾಗ. ಕೊಡೆಯೊಂದು ಕೈಯಲ್ಲಿರಲಿ, ಆ ತೊಟ್ಟಿಯನ್ನು ತುಂಬಿಸುತ್ತಿದ್ದ ಮಳೆ ಇನ್ನೂ ನಿಂತಿಲ್ಲ.